1991ರ ಎರಡು ತೊಟ್ಟಿಯ ವಾಷಿಂಗ್ ಮಷೀನ್: ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ

ತಿಲಕವಾಡಿ ನಿವಾಸಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರು 1991ರಲ್ಲಿ ಕೊಂಡ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಯಂತ್ರವೊಂದು ಹಿತ್ತಲಿನ ಪಡಸಾಲೆಯಲ್ಲಿ ಬಹಳ ಕಾಲದಿಂದ ಸುಮ್ಮನೆ ನಿಂತಿದೆ. ಅದನ್ನು ಗುಜರಿಗೆ ಹಾಕದೆ ಮತ್ತೆ ಬಳಕೆಗೆ ತರಬೇಕೆಂಬುದು ನನ್ನ ಆಸೆ. ಹೊರಮೈ ದಪ್ಪ ತಗಡಿನದು, ಗುಂಡಿ ಮುಚ್ಚಳಗಳೆಲ್ಲ ಮೂಲದವೇ ಇವೆ, ಎಲ್ಲಿಯೂ ಒಡೆದಿಲ್ಲ.

ತೊಂದರೆಗಳು ಹೀಗಿವೆ. ಒಗೆಯುವ ಬದಿಯ ಟೈಮರ್ ತಿರುಗಿಸಿದಾಗ ಟಿಕ್ ಟಿಕ್ ಸದ್ದು ಸರಿಯಾಗಿಯೇ ಕೇಳುತ್ತದೆ, ಮೋಟರ್ ಗುಂಯ್ ಎನ್ನುತ್ತದೆ, ಆದರೆ ತೊಟ್ಟಿಯ ತಳದಲ್ಲಿರುವ, ಬಟ್ಟೆ ತಿರುಗಿಸುವ ಚಕ್ರ, ಅಂದರೆ ಪಲ್ಸೇಟರ್, ನೀರಿಲ್ಲದಾಗ ಸ್ವಲ್ಪ ಅಲುಗಾಡಿ ನಿಂತುಬಿಡುತ್ತದೆ, ನೀರು ತುಂಬಿದರೆ ಅಷ್ಟೂ ಅಲುಗುವುದಿಲ್ಲ. ಹಿಂಡುವ ಬದಿಯಲ್ಲಿ ಮುಚ್ಚಳ ಹಾಕಿದ ಕೂಡಲೇ ಸಣ್ಣ ಸದ್ದು ಬಂದು ಸುಟ್ಟ ವಾಸನೆ ಏಳುತ್ತದೆ. ಆ ಬದಿಯ ಕೆಳಗೆ ನೀರು ತೊಟ್ಟಿಕ್ಕಿದ ಗುರುತುಗಳಿವೆ, ತಳದ ತಗಡು ಒಂದು ಮೂಲೆಯಲ್ಲಿ ತುಕ್ಕು ಹಿಡಿದಿದೆ.

ನೋಡಲು ಬಂದ ರಿಪೇರಿಯವರು ಹಿಂದಿನ ಮುಚ್ಚಳವನ್ನೂ ಬಿಚ್ಚದೆ "ಎರಡೂ ಮೋಟರ್ ಸುಟ್ಟಾವ್ರಿ, ವೈಂಡಿಂಗ್ ಮಾಡಿಸೂದಕ್ಕಿಂತ ಹೊಸಾದು ತಗೊಳ್ಳೂದ ಚಲೋ" ಎಂದು ಹೇಳಿ ಹೋದರು. ಅವರ ಮಾತು ನಿಜವಿರಲೂಬಹುದು. ಆದರೆ ಯಾವ ಭಾಗ ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ತಿಳಿಯದೆ ಕೈಬಿಡಲು ಮನಸ್ಸು ಒಪ್ಪುತ್ತಿಲ್ಲ. ನನ್ನಲ್ಲಿ ಸಾಮಾನ್ಯ ಮಲ್ಟಿಮೀಟರ್, ಪಾನಾ, ಸ್ಕ್ರೂಡ್ರೈವರ್‌ಗಳಿವೆ. ಎಲ್ಲಿಂದ ಆರಂಭಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ವೈಂಡಿಂಗ್ ಕೆಲಸಗಾರ, ಜಮಖಂಡಿ

ನಮಸ್ಕಾರ ಸರ್. ಗುಂಯ್ ಎನ್ನುವ ಮೋಟರ್ ಪೂರ್ತಿ ಸುಟ್ಟಿರುವುದು ಅಪರೂಪ. ಸದ್ದು ಬರುತ್ತಿದೆ ಎಂದರೆ ಒಳಗಿನ ತಂತಿ ಸುರುಳಿಗಳಲ್ಲಿ (ವೈಂಡಿಂಗ್) ಕನಿಷ್ಠ ಒಂದರಲ್ಲಾದರೂ ಕರೆಂಟ್ ಹರಿಯುತ್ತಿದೆ. ಹಾಗಿದ್ದೂ ತಿರುಗದಿರುವುದಕ್ಕೆ ಮೋಟರ್ ಹೊರಡಲು ನೆರವಾಗುವ ಕಂಡೆನ್ಸರ್ (ಕೆಪಾಸಿಟರ್) ಸೊರಗಿರಬಹುದು, ಒಂದು ಸುರುಳಿ ತುಂಡಾಗಿರಬಹುದು, ಇಲ್ಲವೇ ಮೋಟರ್‌ಗೆ ಏನೂ ಆಗದೆ ಮುಂದಿನ ಗೇರ್ ಬಾಕ್ಸ್ ಬಿಗಿದುಕೊಂಡಿರಬಹುದು. ಈ ಮೂರನ್ನೂ ಬೇರ್ಪಡಿಸಿ ನೋಡಿದ ಮೇಲೆಯೇ ಹಣ ಖರ್ಚು ಮಾಡುವ ಮಾತು.

ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ದೂರ ಇಡಿ, ಸ್ವಿಚ್ ಆರಿಸಿದರೆ ಸಾಲದು. ಹಿಂದಿನ ತಗಡು ಬಿಚ್ಚಿದ ಮೇಲೆ ಕಂಡೆನ್ಸರ್‌ನ ತುದಿಗಳನ್ನು ಮುಟ್ಟುವ ಮುನ್ನ ಅದರಲ್ಲಿ ಉಳಿದ ವಿದ್ಯುತ್ತನ್ನು ಇಳಿಸಿರಿ. ಹಲವರು ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುತ್ತಾರೆ, ಅದರಿಂದ ಕಂಡೆನ್ಸರ್ ಒಳಗೇ ಹಾಳಾಗುತ್ತದೆ. ಹೋಲ್ಡರ್‌ನಲ್ಲಿ ಹಾಕಿದ 100 ವ್ಯಾಟ್ ಹಳೆಯ ಫಿಲಮೆಂಟ್ ಬಲ್ಬಿನ ಎರಡು ವೈರುಗಳನ್ನು ಕ್ಷಣ ಹೊತ್ತು ತಾಗಿಸಿದರೆ ಸಾಕು.

ಅನಂತರ ಒಗೆಯುವ ಮೋಟರ್‌ನ ಬೆಲ್ಟ್ ತೆಗೆದು ಮೋಟರ್ ಪುಲ್ಲಿಯನ್ನೂ ಗೇರ್ ಬಾಕ್ಸ್‌ನ ದೊಡ್ಡ ಪುಲ್ಲಿಯನ್ನೂ ಬೇರೆ ಬೇರೆಯಾಗಿ ಕೈಯಿಂದ ತಿರುಗಿಸಿ ನೋಡಿ. ಮೋಟರ್ ಪುಲ್ಲಿ ಬೆರಳಿಗೇ ತಿರುಗಬೇಕು. ದೊಡ್ಡ ಪುಲ್ಲಿ ಸ್ವಲ್ಪ ಭಾರವೆನಿಸಿದರೂ ಎಲ್ಲಿಯೂ ತಡೆಯದೆ ಸರಾಗವಾಗಿ ಸುತ್ತಬೇಕು.

ಆಮೇಲೆ ಮೀಟರ್‌ನ ಕೆಲಸ. ಒಗೆಯುವ ಮೋಟರ್‌ನಿಂದ ಮೂರು ವೈರುಗಳು ಬರುತ್ತವೆ, ಅವುಗಳಲ್ಲಿ ಒಂದು ಕಾಮನ್, ಅಂದರೆ ಎರಡೂ ಸುರುಳಿಗಳಿಗೆ ಸೇರಿದ್ದು. ಈ ಮೋಟರ್ ಎರಡೂ ದಿಕ್ಕಿಗೆ ಒಂದೇ ಬಲದಿಂದ ತಿರುಗಬೇಕಾದ್ದರಿಂದ ಅದರ ಎರಡು ಸುರುಳಿಗಳನ್ನು ಒಂದೇ ದಪ್ಪದ ತಂತಿಯಲ್ಲಿ, ಒಂದೇ ಸುತ್ತುಗಳಲ್ಲಿ ಸುತ್ತಿರುತ್ತಾರೆ. ಕಾಮನ್‌ನಿಂದ ಉಳಿದೆರಡು ವೈರುಗಳಿಗೆ ಅಳೆದರೆ ಓಮ್‌ಗಳು ಹೆಚ್ಚುಕಡಿಮೆ ಒಂದೇ ಬರಬೇಕು, ಆ ಎರಡರ ನಡುವೆ ಅಳೆದರೆ ಅವುಗಳ ಮೊತ್ತ ಬರಬೇಕು. ಹಿಂಡುವ ಮೋಟರ್ ಒಂದೇ ದಿಕ್ಕಿಗೆ ತಿರುಗುವುದರಿಂದ ಅದರ ಎರಡು ಸುರುಳಿಗಳ ಓಮ್ ಬೇರೆ ಬೇರೆ ಇರುವುದು ಸಹಜ, ಆದರೆ ಮೊತ್ತದ ಲೆಕ್ಕ ಅಲ್ಲಿಯೂ ಸರಿಹೊಂದಬೇಕು. ಕೊನೆಗೆ ಪ್ರತಿ ವೈರಿಗೂ ಮೋಟರ್ ಮೈಗೂ ನಡುವೆ ಅಳೆಯಿರಿ, ಅಲ್ಲಿ ಮೀಟರ್ ಏನನ್ನೂ ತೋರಿಸಬಾರದು.

ಈ ಅಳತೆಗಳನ್ನೂ ಕಂಡೆನ್ಸರ್ ಮೇಲೆ ಬರೆದಿರುವ ಅಂಕಿಗಳನ್ನೂ ಇಲ್ಲಿ ಬರೆಯಿರಿ, ಮುಂದಿನದನ್ನು ನೋಡೋಣ.

ತಿಲಕವಾಡಿ ನಿವಾಸಿ, ಬೆಳಗಾವಿ

ನೀವು ಹೇಳಿದ ಕ್ರಮದಲ್ಲಿಯೇ ನೋಡಿದೆ. ಒಗೆಯುವ ಮೋಟರ್‌ನಲ್ಲಿ ಕಾಮನ್‌ನಿಂದ ಒಂದು ವೈರಿಗೆ 24 ಓಮ್, ಇನ್ನೊಂದಕ್ಕೆ 24.5 ಓಮ್, ಅವೆರಡರ ನಡುವೆ 48.5 ಓಮ್ ಬಂತು. ಮೈಗೆ ಏನೂ ತೋರಿಸಲಿಲ್ಲ. ಹಿಂಡುವ ಮೋಟರ್‌ನಲ್ಲಿ ಮಾತ್ರ ಒಂದು ಸುರುಳಿ 38 ಓಮ್ ತೋರಿಸಿತು, ಇನ್ನೊಂದು ಸುರುಳಿಯಲ್ಲಿ ಮೀಟರ್ ಅಲುಗಲೇ ಇಲ್ಲ. ಆ ಮೋಟರ್‌ನ ತಲೆಯ ಮೇಲೆ ಬಿಳಿ ಸೋಪಿನ ಗೆರೆಗಳೂ ತುಕ್ಕೂ ಇವೆ.

ಒಗೆಯುವ ಬದಿಯ ಕಂಡೆನ್ಸರ್ ನೋಡಿ ಆಶ್ಚರ್ಯವಾಯಿತು. ಯಂತ್ರದ ಹಿಂಬದಿಗೆ ಅಂಟಿಸಿರುವ ನಕ್ಷೆಯಲ್ಲಿ 10 ಮೈಕ್ರೋಫ್ಯಾರಡ್ ಎಂದಿದೆ, ಒಳಗೆ ಕೂತಿರುವುದು 3.15ರದು. ಹಿಂದೆ ಯಾರೋ ರಿಪೇರಿ ಮಾಡಿದಾಗ ಬದಲಿಸಿರಬೇಕು. ಗೇರ್ ಬಾಕ್ಸ್‌ನ ಪುಲ್ಲಿ ತಿರುಗುತ್ತದೆ, ಆದರೆ ಬಹಳ ಬಿಗಿ. ಒಂದು ಕಡೆ ಕರಕರ ಎಂದು ಕೈಗೆ ತಾಗುತ್ತದೆ.

ಪಾಲಿಟೆಕ್ನಿಕ್ ಉಪನ್ಯಾಸಕಿ, ವಿಜಯಪುರ

3.15 ಮೈಕ್ರೋಫ್ಯಾರಡ್ ಎಂಬುದು ಸೀಲಿಂಗ್ ಫ್ಯಾನಿನ ಕಂಡೆನ್ಸರ್. ಕೈಗೆ ಸಿಕ್ಕಿದ್ದನ್ನು ಹಾಕಿರುವುದು ಸ್ಪಷ್ಟ. ನಿಮ್ಮ ಒಗೆಯುವ ಮೋಟರ್ ಆರೋಗ್ಯವಾಗಿದೆ ಎಂದು ಅಳತೆಗಳೇ ಹೇಳುತ್ತಿವೆ.

ಇದು ಏಕೆ ಇಷ್ಟು ಮುಖ್ಯ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಸಿಂಗಲ್ ಫೇಸ್ ವಿದ್ಯುತ್ತು ಒಂದೇ ಸುರುಳಿಯಲ್ಲಿ ಹರಿದರೆ ಹುಟ್ಟುವ ಕಾಂತಕ್ಷೇತ್ರ ಹಿಂದೆ ಮುಂದೆ ತುಯ್ಯುತ್ತದೆಯೇ ಹೊರತು ಸುತ್ತುವುದಿಲ್ಲ, ಆದ್ದರಿಂದ ನಿಂತ ರೋಟರ್ (ಮೋಟರ್ ಒಳಗೆ ತಿರುಗುವ ಭಾಗ) ನಡುಗಿ ಗುಂಯ್ ಎನ್ನುತ್ತದೆ, ಯಾವ ದಿಕ್ಕಿಗೂ ಹೊರಡುವುದಿಲ್ಲ. ಎರಡನೆಯ ಸುರುಳಿಗೆ ಕಂಡೆನ್ಸರ್ ಮೂಲಕ ಕರೆಂಟ್ ಕೊಟ್ಟಾಗ ಅದು ಮೊದಲನೆಯದಕ್ಕಿಂತ ಮುಂಚಿತವಾಗಿ ಏರಿಳಿಯುತ್ತದೆ, ಆಗ ಕಾಂತಕ್ಷೇತ್ರ ಸುತ್ತತೊಡಗುತ್ತದೆ, ರೋಟರ್ ಅದರ ಹಿಂದೆ ಹೊರಡುತ್ತದೆ. ಟೈಮರ್ ಮಾಡುವ ಕೆಲಸವೆಂದರೆ ಯಾವ ಸುರುಳಿಗೆ ನೇರ ಕರೆಂಟ್, ಯಾವುದಕ್ಕೆ ಕಂಡೆನ್ಸರ್ ಮೂಲಕ ಎಂಬುದನ್ನು ಅದಲುಬದಲು ಮಾಡುತ್ತ ದಿಕ್ಕನ್ನು ಬದಲಿಸುವುದು, ನಡುವೆ ಒಂದಿಷ್ಟು ಬಿಡುವು ಕೊಡುವುದು. ಬೇಕಾದುದರ ಮೂರನೆಯ ಒಂದು ಭಾಗದಷ್ಟೇ ಇರುವ ಕಂಡೆನ್ಸರ್‌ನಿಂದ ನೀರು ಬಟ್ಟೆ ತುಂಬಿದ ತೊಟ್ಟಿಯಲ್ಲಿ ಪಲ್ಸೇಟರನ್ನು ಎಬ್ಬಿಸುವ ಬಲ ಹುಟ್ಟುವುದಿಲ್ಲ.

ಹೊಸದು ತರುವಾಗ 10 ಮೈಕ್ರೋಫ್ಯಾರಡ್, 440 ವೋಲ್ಟ್ ಎ.ಸಿ., ಮೋಟರ್ ರನ್ ಕಂಡೆನ್ಸರ್ ಎಂದೇ ಕೇಳಿರಿ. ಮನೆಯ ವಿದ್ಯುತ್ತು 230 ವೋಲ್ಟ್ ಇರುವಾಗ 440 ಏಕೆ ಎಂದು ಅಂಗಡಿಯವರೇ ಕೆಲವೊಮ್ಮೆ ವಾದಿಸುತ್ತಾರೆ. ಓಡುತ್ತಿರುವ ಮೋಟರ್‌ನಲ್ಲಿ ಕಂಡೆನ್ಸರ್‌ನ ತುದಿಗಳ ನಡುವೆ ಮೇನ್ಸ್‌ಗಿಂತ ಹೆಚ್ಚಿನ ವೋಲ್ಟೇಜ್ ಏಳುತ್ತದೆ, ಕಡಿಮೆ ವೋಲ್ಟಿನದು ಬೇಗ ಸೊರಗುತ್ತದೆ. ತಂದದ್ದು ಸರಿಯಿದೆಯೇ ಎಂದು ಪರೀಕ್ಷಿಸಲು ಕ್ಲ್ಯಾಂಪ್ ಮೀಟರ್ ಇರುವ ಎಲೆಕ್ಟ್ರಿಷಿಯನ್ ಬಳಿ ಹೋಗಬಹುದು. 230 ವೋಲ್ಟ್, 50 ಹರ್ಟ್ಸ್‌ನಲ್ಲಿ 10 ಮೈಕ್ರೋಫ್ಯಾರಡ್ ಕಂಡೆನ್ಸರ್ ಒಂದೇ ಸುಮಾರು 0.72 ಆಂಪಿಯರ್ ಎಳೆಯಬೇಕು. 0.5 ಎಳೆದರೆ ಅದು 7ರ ಆಸುಪಾಸಿಗೆ ಇಳಿದಿದೆ ಎಂದು ತಿಳಿಯಿರಿ.

ಇನ್ನೊಂದು ವಿಷಯ. ಪರೀಕ್ಷೆ ನಡೆಸುವ ಹೊತ್ತಿನಲ್ಲಿ ಮನೆಯ ವೋಲ್ಟೇಜ್ ಎಷ್ಟಿದೆ ಎಂದೂ ನೋಡಿಕೊಳ್ಳಿ. ಇಂಥ ಮೋಟರ್‌ನ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳು ಓಡುವಾಗ 230 ಇರಬೇಕಾದದ್ದು 180ಕ್ಕೆ ಇಳಿದರೆ ಮೋಟರ್‌ನ ಬಲ ಶೇಕಡ 61ಕ್ಕೆ ಬಂದು ನಿಲ್ಲುತ್ತದೆ, ಯಾವ ದೋಷವೂ ಇಲ್ಲದ ಯಂತ್ರವೂ ಗುಂಯ್ ಎನ್ನುತ್ತ ನಿಲ್ಲಬಹುದು.

ಓದುಗ, ಗೋಕಾಕ

ಮೇಡಂ, ಬಲ ಸಾಲದಿದ್ದರೆ 10ರ ಬದಲು 15 ಹಾಕಿದರೆ ಇನ್ನೂ ಜೋರಾಗಿ ತಿರುಗುವುದಿಲ್ಲವೇ? ನಮ್ಮ ಕಡೆ ಕೆಲವರು ಹಾಗೆ ಮಾಡುತ್ತಾರೆ.

ಪಾಲಿಟೆಕ್ನಿಕ್ ಉಪನ್ಯಾಸಕಿ, ವಿಜಯಪುರ

ಮಾಡಬೇಡಿ. ಹೊರಡುವಾಗ ತುಸು ಬಲ ಹೆಚ್ಚುವುದು ನಿಜ, ಆದರೆ ಈ ಕಂಡೆನ್ಸರ್ ಮೋಟರ್ ಓಡುವ ಪೂರ್ತಿ ಹೊತ್ತು ಸುರುಳಿಯ ಜೊತೆಗೇ ಇರುತ್ತದೆ. 15 ಹಾಕಿದರೆ ಆ ಸುರುಳಿಯಲ್ಲಿ ಲೆಕ್ಕಕ್ಕಿಂತ ಹೆಚ್ಚು ಕರೆಂಟ್ ಹರಿದು ಅದು ಕಾಯುತ್ತದೆ, ಮೂವತ್ತು ವರ್ಷ ಹಳೆಯ ವಾರ್ನಿಶ್ ಆ ಕಾವನ್ನು ತಾಳುವುದಿಲ್ಲ. ನಕ್ಷೆಯಲ್ಲಿ ಇರುವುದನ್ನೇ ಹಾಕಬೇಕು. ಸರಿಯಾದ ಕಂಡೆನ್ಸರ್ ಹಾಕಿದ ಮೇಲೂ ಬಲ ಸಾಲದೆಂದರೆ ದೋಷ ಬೆಲ್ಟ್ ಇಲ್ಲವೇ ಗೇರ್ ಬಾಕ್ಸ್‌ನಲ್ಲಿದೆ, ಅಲ್ಲಿಯೇ ಹುಡುಕಬೇಕು.

ಲೇತ್ ಕಾರ್ಖಾನೆ, ಉದ್ಯಮಬಾಗ

ತಿಲಕವಾಡಿಯ ಸರ್, ನಿಮ್ಮ ಗೇರ್ ಬಾಕ್ಸ್ ಕೈಗೆ ಕರಕರ ಎನ್ನುತ್ತಿದೆ ಎಂದರೆ ಅದರೊಳಗೆ ನೀರು ಹೋಗಿದೆ. ಕಂಡೆನ್ಸರ್ ಬದಲಿಸಿ ಹಾಗೆಯೇ ಓಡಿಸಿದರೆ ಕೆಲವು ದಿನ ಒಗೆದೀತು, ಆಮೇಲೆ ಹಲ್ಲುಗಳು ಸವೆದು ಪೂರ್ತಿ ಕೈಕೊಡುತ್ತದೆ. ಆದ್ದರಿಂದ ಈಗಲೇ ಬಿಚ್ಚುವುದು ಒಳ್ಳೆಯದು.

ಮೊದಲು ಪಲ್ಸೇಟರ್ ತೆಗೆಯಬೇಕು. ನಡುವಿನ ಸ್ಕ್ರೂ ತುಕ್ಕು ಹಿಡಿದು ಬಿಡದೇ ಹೋದರೆ ತಲೆ ಹರಿಯುವ ಹಾಗೆ ಬಲ ಹಾಕಬೇಡಿ. ತುಕ್ಕು ಸಡಿಲಿಸುವ ಎಣ್ಣೆಯನ್ನು ಸುತ್ತಲೂ ಬಿಟ್ಟು ಒಂದು ರಾತ್ರಿ ಕಾಯಿರಿ, ಬಳಿಕ ತಲೆಗೆ ಸರಿಯಾಗಿ ಕೂರುವ ದೊಡ್ಡ ಸ್ಕ್ರೂಡ್ರೈವರ್ ಇಟ್ಟು ಹಿಡಿಯ ಮೇಲೆ ಹಗುರವಾಗಿ ಬಡಿದು ತಿರುಗಿಸಿ. ಸ್ಕ್ರೂ ಬಂದರೂ ಪಲ್ಸೇಟರ್ ಮೇಲೇಳದಿರಬಹುದು. ಗಟ್ಟಿ ನೈಲಾನ್ ಹುರಿಯನ್ನು ಅದರ ಅಂಚಿನ ಕೆಳಗೆ ಎದುರುಬದುರು ಎರಡು ಕಡೆ ತೂರಿಸಿ ಎರಡೂ ಕುಣಿಕೆಗಳನ್ನು ಒಟ್ಟಿಗೆ, ನೇರವಾಗಿ ಮೇಲಕ್ಕೆ ಎಳೆದರೆ ಬರುತ್ತದೆ. ಒಂದೇ ಬದಿಯಿಂದ ಮೀಟಿದರೆ ಹಳೆಯ ಪ್ಲಾಸ್ಟಿಕ್ ಸೀಳುತ್ತದೆ, ಆ ಅಳತೆಯ ಪಲ್ಸೇಟರ್ ಇನ್ನೊಂದು ಸಿಗುವುದು ಕಷ್ಟ.

ಗೇರ್ ಬಾಕ್ಸ್ ಕೆಳಗಿನಿಂದ ಬೋಲ್ಟ್‌ಗಳ ಮೇಲೆ ನಿಂತಿರುತ್ತದೆ. ಹೊರಗೆ ತೆಗೆದು ತೆರೆದಾಗ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗೆ ನೀರಾಗಿದ್ದರೆ ನನ್ನ ಮಾತು ಖಚಿತವಾದಂತೆ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಿಂದ ಪೂರ್ತಿ ತೊಳೆದು, ಒಣಗಿಸಿ, ಹಲ್ಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ಮೇಲಿನ ಶಾಫ್ಟ್ ಸೀಲ್‌ನ ತುಟಿ ಗಟ್ಟಿಯಾಗಿರುತ್ತದೆ, ಅದನ್ನು ಕಡ್ಡಾಯವಾಗಿ ಬದಲಿಸಬೇಕು. ಸೀಲ್‌ಗೆ ಕಂಪನಿಯ ಹೆಸರಿನ ಅಗತ್ಯವಿಲ್ಲ. ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆಗಳನ್ನು ಮಿಲಿಮೀಟರ್‌ನಲ್ಲಿ ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋದರೆ ಸಾಕು. ಬೇರಿಂಗ್‌ಗೂ ಇದೇ ಮಾತು. ಅದರ ಮೇಲೆ 6202 ಎಂದಿದ್ದರೆ 15, 35, 11 ಮಿಲಿಮೀಟರ್, 6203 ಎಂದಿದ್ದರೆ 17, 40, 12 ಮಿಲಿಮೀಟರ್, ಜಗತ್ತಿನ ಯಾವ ಕಂಪನಿಯದಾದರೂ ಅದೇ ಅಳತೆ. ನೀರಿನ ಹತ್ತಿರದ ಜಾಗವಾದ್ದರಿಂದ ತಗಡಿನ ಮುಚ್ಚಳದ ಬೇರಿಂಗ್ ಬದಲು ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನು ತೆಗೆದುಕೊಳ್ಳಿ.

ಶಾಫ್ಟಿನಲ್ಲಿ ಸೀಲ್ ಉಜ್ಜುವ ಕಡೆ ಉಗುರಿಗೆ ಸಿಗುವಷ್ಟು ಕಾಲುವೆ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ನೀರು ಇಳಿಯುತ್ತದೆ. ಬೆಳಗಾವಿಯಲ್ಲಿ ಅದಕ್ಕೆ ಚಿಂತೆ ಬೇಡ. ಉದ್ಯಮಬಾಗದಲ್ಲಿ ಲೇತ್ ಹಾಕಿಕೊಂಡವರಿಗೆ ಕೊರತೆಯಿಲ್ಲ, ಶಾಫ್ಟನ್ನು ಸವರಿ ಸ್ಟೇನ್‌ಲೆಸ್ ಸ್ಲೀವ್ ಕೂರಿಸಿ ಮೂಲದ ವ್ಯಾಸಕ್ಕೆ ತಂದುಕೊಡುತ್ತಾರೆ. ಶಾಫ್ಟ್ ತಿರುಗುವ ಲೋಹದ ಬಳೆಗಳು, ಅಂದರೆ ಬುಷ್‌ಗಳು, ಸವೆದಿದ್ದರೆ ಅವನ್ನೂ ಗನ್‌ಮೆಟಲ್‌ನಲ್ಲಿ ಮಾಡಿಸಬಹುದು, ಆದರೆ ಮೂಲದ ಬುಷ್ ಎಣ್ಣೆ ಹೀರಿಕೊಂಡಿರುವ ಸಿಂಟರ್ಡ್ (ಲೋಹದ ಪುಡಿ ಒತ್ತಿ ಮಾಡಿದ) ಜಾತಿಯದಾಗಿದ್ದರೆ ಹೊಸ ಬುಷ್‌ನ ಒಳಗೆ ಗ್ರೀಸ್ ನಿಲ್ಲಲು ಸಣ್ಣ ಕಾಲುವೆ ಹಾಕಿಸಬೇಕೆಂದು ಹೇಳಿರಿ.

ಬೆಲ್ಟ್ ಮೇಲಿನ ಅಂಕಿ ಅಳಿಸಿದ್ದರೆ ದಾರ ಸುತ್ತಿ ಉದ್ದ ಅಳೆಯಿರಿ, ಅಗಲವನ್ನೂ ನೋಡಿರಿ. ಇಂಥ ಯಂತ್ರಗಳಿಗೆ ಬರುವ ಎಂ ಜಾತಿಯ ಬೆಲ್ಟ್ 10 ಮಿಲಿಮೀಟರ್ ಅಗಲದ್ದು. ಸಿಗಲಿಲ್ಲವೆಂದು 13 ಮಿಲಿಮೀಟರ್ ಅಗಲದ ಎ ಬೆಲ್ಟ್ ಹಾಕಿದರೆ ಅದು ಪುಲ್ಲಿಯ ಕಾಲುವೆಯಲ್ಲಿ ಇಳಿಯದೆ ಮೇಲೆಯೇ ಕೂತು ಜಾರುತ್ತದೆ.

ನವನಗರದ ಗೃಹಿಣಿ, ಬಾಗಲಕೋಟೆ

ನಮ್ಮ ಮನೆಯಲ್ಲಿಯೂ ಇಂಥದೇ ಹಳೆಯ ಯಂತ್ರವಿದೆ, ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬರುವಾಗ ಸಾಮಾನಿನ ಜೊತೆಗೆ ಬಂದದ್ದು. ನಮಗೆ ಮೋಟರ್‌ಗಿಂತ ನೀರಿನದೇ ದೊಡ್ಡ ತೊಂದರೆ. ಬೋರ್ ನೀರು ಬಹಳ ಗಡಸು. ಪಲ್ಸೇಟರ್ ಕೆಳಗೆ, ಹಿಂಡುವ ತೊಟ್ಟಿಯ ಹೊರಮೈಯಲ್ಲಿ, ನೀರು ಬಿಡುವ ವಾಲ್ವ್‌ನ ರಬ್ಬರ್ ಸುತ್ತ ಸುಣ್ಣದ ಪೊರೆ ಕಟ್ಟುತ್ತದೆ. ವಾಲ್ವ್ ಪೂರ್ತಿ ಕೂರದೆ ತೊಟ್ಟಿಯ ನೀರು ಸದಾ ಸ್ವಲ್ಪ ಸ್ವಲ್ಪ ಹರಿದು ಹೋಗುತ್ತದೆ. ಇದನ್ನು ತೆಗೆಯುವ ಸರಿಯಾದ ವಿಧಾನ ಯಾವುದು? ಒಬ್ಬರು ಸಂಡಾಸ ತೊಳೆಯುವ ಆಸಿಡ್ ಹಾಕಿರಿ ಎಂದರು, ನನಗೆ ಧೈರ್ಯವಾಗಲಿಲ್ಲ.

ಪಾಲಿಟೆಕ್ನಿಕ್ ಉಪನ್ಯಾಸಕಿ, ವಿಜಯಪುರ

ಹಾಕದಿದ್ದುದೇ ಒಳ್ಳೆಯದಾಯಿತು ಅಕ್ಕನವರೇ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣವನ್ನು ಕ್ಷಣದಲ್ಲಿ ಕರಗಿಸುತ್ತದೆ, ಅದರೊಂದಿಗೆ ಶಾಫ್ಟ್, ಸ್ಕ್ರೂ, ಸೀಲ್‌ಗಳನ್ನೂ ತಿನ್ನುತ್ತದೆ.

ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. 10 ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂ ಲೆಕ್ಕದಲ್ಲಿ ಕರಗಿಸಿ ಪಲ್ಸೇಟರ್ ಮುಳುಗುವಷ್ಟು ತುಂಬಿ ಬಿಡಿ. ನೀರು ಕೈ ಇಡಬಹುದಾದಷ್ಟೇ ಬಿಸಿ ಇರಲಿ, ಕುದಿಯುವ ನೀರಿಗೆ ತೊಟ್ಟಿಯ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸಣ್ಣ ಗುಳ್ಳೆಗಳು ಏಳುವುದು ನಿಂತಾಗ ಆಮ್ಲದ ಶಕ್ತಿ ಮುಗಿಯಿತು ಎಂದು ತಿಳಿದು ನೀರು ಬಿಡಿ, ಪೊರೆ ಉಳಿದಿದ್ದರೆ ಮತ್ತೊಮ್ಮೆ ಮಾಡಿ. ರಾತ್ರಿಯಿಡೀ ಬಿಡಬಾರದು, ಕಬ್ಬಿಣದ ಭಾಗಗಳಿಗೆ ನಿಂಬೆ ಉಪ್ಪೂ ಒಳ್ಳೆಯದಲ್ಲ. ಮುಖ್ಯವಾದ ಎಚ್ಚರಿಕೆ ಒಂದಿದೆ. ಯಾವುದೇ ಆಮ್ಲದ ಜೊತೆಗೆ, ಅದು ತೊಳೆದು ಹೋಗುವ ಮುನ್ನ, ಬ್ಲೀಚಿಂಗ್ ಪೌಡರ್ ಬೆರೆಯಬಾರದು. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಪ್ಪಿಗೆ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದಿದೆ. ಕಲಾದಗಿಯಿಂದ ಲೋಕಾಪುರದವರೆಗೆ ಸುಣ್ಣದ ಕಲ್ಲಿನ ನೆಲ, ಅಲ್ಲಿನ ಬೋರ್ ನೀರು ಗಡಸಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಅಂಥ ನೀರಿನಲ್ಲಿ ಬಾರ್ ಸೋಪು ತುರಿದು ಹಾಕಬೇಡಿ, ಅದು ಕ್ಯಾಲ್ಸಿಯಂ ಜೊತೆ ಸೇರಿ ಅಂಟು ಗಸಿಯಾಗುತ್ತದೆ, ನೀವು ಹೇಳಿದ ಪೊರೆಯಲ್ಲಿ ಅರ್ಧ ಅದೇ ಇರುತ್ತದೆ. ಡಿಟರ್ಜೆಂಟ್ ಪುಡಿಗೆ ಆ ದೋಷ ಕಡಿಮೆ.

ನಿವೃತ್ತರು, ವಿಜಯಪುರ

ನನ್ನದೊಂದು ಸಣ್ಣ ಪ್ರಶ್ನೆ. 1980ರ ದಶಕದಲ್ಲಿ ಸೌದಿ ಅರೇಬಿಯಾದಿಂದ ತಂದ ಯಂತ್ರವೊಂದು ನಮ್ಮಲ್ಲಿದೆ. 220 ವೋಲ್ಟ್, 60 ಹರ್ಟ್ಸ್ ಎಂದು ಬರೆದಿದೆ. ಓಡುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಮೋಟರ್ ಮುಟ್ಟಲಾಗದಷ್ಟು ಕಾಯುತ್ತದೆ. ವೈಂಡಿಂಗ್ ದೋಷವೇ?

ಪಾಲಿಟೆಕ್ನಿಕ್ ಉಪನ್ಯಾಸಕಿ, ವಿಜಯಪುರ

ದೋಷ ಮೋಟರ್‌ನದಲ್ಲ ಸರ್, ನಮ್ಮ 50 ಹರ್ಟ್ಸ್‌ಗೆ ಅದು ಹೊಂದುತ್ತಿಲ್ಲ. ಹರ್ಟ್ಸ್ ಇಳಿದಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸದಿದ್ದರೆ ಮೋಟರ್‌ನ ಕಬ್ಬಿಣದಲ್ಲಿ ಕಾಂತತೆ ಮಿತಿ ಮೀರುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಶೇಕಡ 25ರಷ್ಟು ಹೆಚ್ಚಾಗಿದೆ, ಅದಕ್ಕೇ ಕಾಯುತ್ತಿದೆ. ಟ್ರಾನ್ಸ್‌ಫಾರ್ಮರ್ ಇಟ್ಟು ಸುಮಾರು 183 ವೋಲ್ಟ್ ಕೊಟ್ಟರೆ ಕಾವು ಇಳಿಯುತ್ತದೆ, ವೇಗ ಮಾತ್ರ ಮೂಲದ ಆರರಲ್ಲಿ ಐದು ಭಾಗ ಇರುತ್ತದೆ. ಶಾಶ್ವತ ಪರಿಹಾರ ಬೇಕೆಂದರೆ ಅದೇ ಅಳತೆಯ 50 ಹರ್ಟ್ಸ್ ಮೋಟರ್ ಕೂರಿಸುವುದು.

ತಿಲಕವಾಡಿ ನಿವಾಸಿ, ಬೆಳಗಾವಿ

ಎಲ್ಲರಿಗೂ ಋಣಿ. ಗೇರ್ ಬಾಕ್ಸ್ ತೆರೆದಾಗ ಉದ್ಯಮಬಾಗದವರು ಹೇಳಿದಂತೆಯೇ ಗ್ರೀಸ್ ಬೆಳ್ಳಗೆ ನೀರಾಗಿತ್ತು. ಹಲ್ಲುಗಳು ಚೆನ್ನಾಗಿವೆ. ಸೀಲ್, ಎರಡು ಬೇರಿಂಗ್, ಬೆಲ್ಟ್ ಬದಲಿಸಿ, 10 ಮೈಕ್ರೋಫ್ಯಾರಡ್ ಕಂಡೆನ್ಸರ್ ಹಾಕಿದೆ. ಒಗೆಯುವ ತೊಟ್ಟಿಯಲ್ಲಿ ನೀರು ತುಂಬಿದಾಗಲೂ ಪಲ್ಸೇಟರ್ ಜೋರಾಗಿ ತಿರುಗಿತು. ತಾಯಿಯವರು ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು ಕೂತಿದ್ದರು, "ಇದರ ಸಪ್ಪಳ ಕೇಳಿ ಎಷ್ಟ್ ವರ್ಷ ಆಗಿತ್ತೋ" ಎಂದರು.

ಈಗ ಉಳಿದದ್ದು ಎರಡು. ಪಲ್ಸೇಟರ್ ಒಂದು ದಿಕ್ಕಿಗೆ ಸರಿಯಾಗಿ ತಿರುಗುತ್ತದೆ, ಬಿಡುವು ಕೊಡುತ್ತದೆ, ಇನ್ನೊಂದು ದಿಕ್ಕಿನ ಸರದಿಯಲ್ಲಿ ಕೆಲವೊಮ್ಮೆ ತಿರುಗುತ್ತದೆ, ಕೆಲವೊಮ್ಮೆ ಗುಂಯ್ ಎಂದೂ ಅನ್ನದೆ ಸುಮ್ಮನಿರುತ್ತದೆ. ಎರಡನೆಯದು ಹಿಂಡುವ ಮೋಟರ್. ಅದನ್ನು ವೈಂಡಿಂಗ್‌ಗೆ ಕೊಡುವುದೇ ಸರಿಯೇ?

ವೈಂಡಿಂಗ್ ಕೆಲಸಗಾರ, ಜಮಖಂಡಿ

ಸುಮ್ಮನಿರುತ್ತದೆ ಎಂಬುದೇ ಉತ್ತರ ಸರ್. ಸುರುಳಿ ತುಂಡಾಗಿದ್ದರೆ ಯಾವ ದಿಕ್ಕಿಗೂ ಹೊರಡುತ್ತಿರಲಿಲ್ಲ. ಒಂದು ದಿಕ್ಕಿಗೆ ಚೆನ್ನಾಗಿದ್ದು ಇನ್ನೊಂದಕ್ಕೆ ನಿಶ್ಶಬ್ದವಾಗಿದೆ ಎಂದರೆ ಆ ದಿಕ್ಕಿನ ಕರೆಂಟ್ ಟೈಮರ್‌ನಿಂದ ಹೊರಗೇ ಬರುತ್ತಿಲ್ಲ. ಟೈಮರ್ ಒಳಗೆ ಕೀಲಿ ಗಡಿಯಾರದ ಸ್ಪ್ರಿಂಗ್ ಇದೆ, ಅದು ಹಲ್ಲಿನ ಚಕ್ರವನ್ನು ಸುತ್ತಿಸುತ್ತದೆ, ಆ ಚಕ್ರ ಹಿತ್ತಾಳೆಯ ಪಟ್ಟಿಗಳನ್ನು ಎತ್ತಿ ಇಳಿಸಿ ದಿಕ್ಕು ಬದಲಿಸುತ್ತದೆ. ಪಟ್ಟಿಯ ತುದಿಯ ಬೊಟ್ಟು ಕಿಡಿಗೆ ಕಪ್ಪಾಗಿರುತ್ತದೆ. ವೈರುಗಳ ಬಣ್ಣ, ಜಾಗಗಳ ಫೋಟೋ ತೆಗೆದುಕೊಂಡು ಟೈಮರ್ ಹೊರತೆಗೆಯಿರಿ. ಬೊಟ್ಟುಗಳ ನಡುವೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ದಪ್ಪ ಕಾಗದದ ಪಟ್ಟಿ ಇಟ್ಟು, ಹಗುರವಾಗಿ ಒತ್ತಿ ಎಳೆಯಿರಿ, ಕಾಗದದಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ. ಮರಳು ಕಾಗದದಿಂದ ಉಜ್ಜಬೇಡಿ, ಬೊಟ್ಟಿನ ಮೇಲಿರುವ ಬೆಳ್ಳಿಯ ಲೇಪ ಹೋಗುತ್ತದೆ. ಗಡಿಯಾರದ ಭಾಗಕ್ಕೆ ಕೊಬ್ಬರಿ ಎಣ್ಣೆ, ಮಷೀನ್ ಎಣ್ಣೆ ಯಾವುದನ್ನೂ ಬಿಡಬೇಡಿ, ಧೂಳು ಹಿಡಿದು ನಿಂತುಬಿಡುತ್ತದೆ. ಹೊಸ ಟೈಮರ್ ಹಾಕುವ ಸಂದರ್ಭ ಬಂದರೆ ವೈರಿನ ಬಣ್ಣ ನಂಬಬೇಡಿ, ಮೀಟರ್ ಹಿಡಿದು ಯಾವ ವೈರಿನಿಂದ ಯಾವುದಕ್ಕೆ ಯಾವಾಗ ಕೂಡುತ್ತದೆ ಎಂದು ಬರೆದುಕೊಂಡು ಜೋಡಿಸಿ.

ಹಿಂಡುವ ಮೋಟರ್‌ಗೆ ವೈಂಡಿಂಗ್ ಮಾಡಿಸಲೇಬೇಕು, ಆ ಒಂದು ಮಾತಿನಲ್ಲಿ ರಿಪೇರಿಯವರು ಹೇಳಿದ್ದು ಸರಿ. ಆದರೆ ಅದು ಸುಟ್ಟದ್ದು ವಯಸ್ಸಿನಿಂದಲ್ಲ. ಹಿಂಡುವ ತೊಟ್ಟಿಯ ಶಾಫ್ಟ್ ಸುತ್ತ ಒಂದು ಸುಕ್ಕು ಸುಕ್ಕಾದ ರಬ್ಬರ್ ಇರುತ್ತದೆ, ಬೆಲ್ಲೋ ಎನ್ನುತ್ತಾರೆ. ಅದು ಸೀಳಿದರೆ ಸೋಪಿನ ನೀರು ನೇರವಾಗಿ ಕೆಳಗಿನ ಮೋಟರ್ ಮೇಲೆ ಬೀಳುತ್ತದೆ. ನೀವು ಕಂಡ ಬಿಳಿ ಗೆರೆಗಳು ಅವೇ. ನಮ್ಮ ಅಂಗಡಿಗೆ ಒಂದೇ ಮೋಟರ್ ಮತ್ತೆ ಮತ್ತೆ ಬರುವುದಕ್ಕೆ ಕಾರಣವೂ ಇದೇ, ರಬ್ಬರ್ ಬದಲಿಸದೆ ಮೋಟರ್ ಒಂದನ್ನೇ ಮಾಡಿಸುತ್ತಾರೆ. ಆದ್ದರಿಂದ ಮೊದಲು ರಬ್ಬರ್ ಬದಲಿಸಿ, ಮೋಟರ್ ಕೂರಿಸದೆಯೇ ಹೊರತೊಟ್ಟಿಗೆ ನೀರು ಬಿಟ್ಟು ಕೆಳಗೆ ಹಳೆಯ ಪತ್ರಿಕೆ ಹಾಸಿ ಒಂದು ರಾತ್ರಿ ಬಿಡಿ. ಕಾಗದ ಒಣಗಿಯೇ ಇದ್ದರೆ ಆಮೇಲೆ ಮೋಟರ್.

ವೈಂಡಿಂಗ್ ಕೊಡುವಾಗ ತಾಮ್ರದ ತಂತಿಯನ್ನೇ ಹಾಕಬೇಕೆಂದು ಮೊದಲೇ ಹೇಳಿರಿ. ಹಳೆಯ ಸುರುಳಿಗಳನ್ನು ಕತ್ತರಿಸಿ ಎಸೆಯುವ ಮುನ್ನ ಎರಡರ ಸುತ್ತುಗಳನ್ನೂ ತಂತಿಯ ಗೇಜನ್ನೂ ಬೇರೆ ಬೇರೆಯಾಗಿ ಎಣಿಸಿ ಬರೆಯಲು ಹೇಳಿರಿ, ಏಕೆಂದರೆ ಹಿಂಡುವ ಮೋಟರ್‌ನಲ್ಲಿ ಅವೆರಡೂ ಒಂದೇ ಅಲ್ಲ. ವಾರ್ನಿಶ್ ಹಾಕಿ ಕಾಯಿಸಿ ಒಣಗಿಸಿದ ಮೇಲೆ 500 ವೋಲ್ಟ್ ಮೆಗ್ಗರ್ (ಕರೆಂಟ್ ಸೋರಿಕೆ ಪರೀಕ್ಷಿಸುವ ಮೀಟರ್) ಹಚ್ಚಿ ಮೈಗೆ ಎಷ್ಟು ಬರುತ್ತದೆ ಎಂದು ಕಣ್ಣೆದುರು ನೋಡಿರಿ. ಹೊಸ ವೈಂಡಿಂಗ್ ಹಲವು ಮೆಗಾಓಮ್ ತೋರಿಸಬೇಕು. 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಇನ್ನೂ ತೇವವಿದೆ, ಮನೆಗೆ ತರಬೇಡಿ.

ಸೀರೆ ವ್ಯಾಪಾರಿ, ಇಳಕಲ್

ಹಿಂಡುವ ತೊಟ್ಟಿಯ ವಿಷಯ ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಒದ್ದೆ ಸೀರೆಯನ್ನು ಉಂಡೆ ಮಾಡಿ ಒಂದೇ ಬದಿಗೆ ತುರುಕಿದರೆ ತೊಟ್ಟಿ ಗೋಡೆಗೆ ಬಡಿಯುತ್ತದೆ, ಬೆಲ್ಲೋ ರಬ್ಬರ್ ಸೀಳುವುದೂ ಹಾಗೆಯೇ. ಸೀರೆಯನ್ನು ತೊಟ್ಟಿಯ ಒಳಗೋಡೆಯುದ್ದಕ್ಕೂ ಸುತ್ತುಸುತ್ತಾಗಿ ಇಟ್ಟು ಮೇಲೆ ಪ್ಲಾಸ್ಟಿಕ್ ತಟ್ಟೆ ಒತ್ತಿ ಕೂರಿಸಬೇಕು. ಇನ್ನು ಇಳಕಲ್ ಸೀರೆಯನ್ನಂತೂ ಯಾವ ಯಂತ್ರಕ್ಕೂ ಹಾಕಬೇಡಿ. ಒಡಲಿಗೂ ಸೆರಗಿಗೂ ತೋಪ ತೆನೆಯ ಕುಣಿಕೆಗಳಿಂದ ಕೂಡಿಸಿರುವ ಜೋಡಣೆ ಆ ಎಳೆತಕ್ಕೆ ಹಿಗ್ಗುತ್ತದೆ.

ಪಾಲಿಟೆಕ್ನಿಕ್ ಉಪನ್ಯಾಸಕಿ, ವಿಜಯಪುರ

ಬಹಳ ಸರಿಯಾದ ಮಾತು. ಲೆಕ್ಕ ಹಾಕಿ ನೋಡಿದರೆ ಅದರ ತೂಕ ತಿಳಿಯುತ್ತದೆ. ನಿಮಿಷಕ್ಕೆ ಸುಮಾರು 1350 ಸುತ್ತು ತಿರುಗುವ, 22 ಸೆಂಟಿಮೀಟರ್ ವ್ಯಾಸದ ತೊಟ್ಟಿಯಲ್ಲಿ ಒಂದು ಬದಿಗೆ 100 ಗ್ರಾಂ ಹೆಚ್ಚಿದ್ದರೆ ಶಾಫ್ಟನ್ನು ಆ ಬದಿಗೆ ಎಳೆಯುವ ಬಲ 22 ಕಿಲೋ ತೂಕಕ್ಕೆ ಸಮ. ಒದ್ದೆ ಟವೆಲ್ಲೊಂದೇ ಅದಕ್ಕಿಂತ ಭಾರ.

ಯಂತ್ರವನ್ನು ಮತ್ತೆ ಬಳಕೆಗೆ ತರುವ ಮುನ್ನ ತಗಡಿನ ಮೈಗೆ ಅರ್ಥಿಂಗ್ ತಂತಿ ಕೂಡಿದೆಯೇ ಎಂದು ಮೀಟರ್‌ನಿಂದ ನೋಡಿರಿ, ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ನಿಗೂ ಬಣ್ಣ ಕೆರೆದ ತಗಡಿಗೂ ನಡುವೆ ಸೊನ್ನೆಗೆ ಹತ್ತಿರ ಬರಬೇಕು. ಹಳೆಯ ಬಡಾವಣೆಗಳ ಹಲವು ಮನೆಗಳಲ್ಲಿ ಸಾಕೆಟ್‌ಗೆ ಅರ್ಥಿಂಗ್ ಕೊಟ್ಟಿರುವುದೇ ಇಲ್ಲ. ಕರೆಂಟ್ ಸೋರಿದ ಕೂಡಲೇ ತಾನೇ ಕಡಿಯುವ ಸ್ವಿಚ್, ಅಂದರೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಹಾಕಿಸಿಕೊಳ್ಳಿ. ನೀರು, ತಗಡು, ಬರಿಗಾಲು ಮೂರೂ ಸೇರುವ ಜಾಗವಿದು, ಇದರಲ್ಲಿ ಉಳಿತಾಯ ನೋಡಬಾರದು.

ತಿಲಕವಾಡಿ ನಿವಾಸಿ, ಬೆಳಗಾವಿ

ಟೈಮರ್ ಬೊಟ್ಟುಗಳನ್ನು ಸ್ವಚ್ಛ ಮಾಡಿದ ಮೇಲೆ ಎರಡೂ ದಿಕ್ಕು ಸರಿಹೋದವು. ಬೆಲ್ಲೋ ಬದಲಿಸಿ, ಪತ್ರಿಕೆ ಹಾಸಿ ನೋಡಿ, ವೈಂಡಿಂಗ್ ಮುಗಿದ ಮೋಟರ್ ಕೂರಿಸಿದೆ. ಆರ್‌ಸಿಸಿಬಿಯೂ ಬಂತು. ತುಕ್ಕು ಹಿಡಿದ ಮೂಲೆಯನ್ನು ತಂತಿ ಬ್ರಷ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಕಾರುಗಳಿಗೆ ಬಣ್ಣ ಹೊಡೆಯುವವರ ಬಳಿ ಅದೇ ತಿಳಿ ನೀಲಿ ಬಣ್ಣ ಕೂಡಿಸಿ ಹೊಡೆಸಿದ್ದೇನೆ.

ಒಂದೇ ಸಂದೇಹ ಉಳಿದಿದೆ. ಹಿಂಡುವ ತೊಟ್ಟಿ ತಿರುಗುತ್ತದೆ, ಆದರೆ ನಿಧಾನವಾಗಿ ವೇಗ ಹಿಡಿಯುತ್ತದೆ, ಸಣ್ಣಗೆ ಸುಟ್ಟ ವಾಸನೆ ಇನ್ನೂ ಬರುತ್ತದೆ.

ವೈಂಡಿಂಗ್ ಕೆಲಸಗಾರ, ಜಮಖಂಡಿ

ಅದು ಮೋಟರ್ ವಾಸನೆಯಲ್ಲ ಸರ್, ಬ್ರೇಕ್ ಲೈನರ್‌ನದು. ಮುಚ್ಚಳ ಹಾಕಿದಾಗ ಒಂದು ತಂತಿ ಬ್ರೇಕನ್ನು ಡ್ರಮ್‌ನಿಂದ ದೂರ ಎಳೆಯುತ್ತದೆ, ಮುಚ್ಚಳ ಎತ್ತಿದಾಗ ಸ್ಪ್ರಿಂಗ್ ಅದನ್ನು ಒತ್ತಿ ತೊಟ್ಟಿಯನ್ನು ನಿಲ್ಲಿಸುತ್ತದೆ. ಹಳೆಯ ತಂತಿ ಹಿಗ್ಗಿದ್ದರೆ ಬ್ರೇಕ್ ಪೂರ್ತಿ ಬಿಡುವುದಿಲ್ಲ. ಪ್ಲಗ್ ಕಿತ್ತು ಮುಚ್ಚಳ ಹಾಕಿ, ಹಿಂದಿನಿಂದ ಡ್ರಮ್ ಅನ್ನು ಕೈಯಿಂದ ತಿರುಗಿಸಿ. ಎಲ್ಲಿಯಾದರೂ ಉಜ್ಜಿದರೆ ತಂತಿಯನ್ನು ಕೊಕ್ಕೆಯ ಮುಂದಿನ ತೂತಿಗೆ ಹಾಕಿ ಗಿಡ್ಡ ಮಾಡಿ, ಡ್ರಮ್ ಸರಾಗವಾಗಿ ಸುತ್ತುವಷ್ಟು ಮಾತ್ರ. ಹೆಚ್ಚು ಗಿಡ್ಡ ಮಾಡಿದರೆ ಮುಚ್ಚಳ ಎತ್ತಿದಾಗ ತೊಟ್ಟಿ ನಿಲ್ಲದೆ ಸುತ್ತುತ್ತಲೇ ಇರುತ್ತದೆ, ಅದರಲ್ಲಿ ಕೈ ಹಾಕಿದರೆ ಬಟ್ಟೆ ಬೆರಳಿಗೆ ಸುತ್ತಿಕೊಳ್ಳುತ್ತದೆ. ಎತ್ತಿದ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುವಂತೆ ಇರಲಿ. ಹಾಗೆಯೇ ಮುಚ್ಚಳದ ಸ್ವಿಚ್ಚನ್ನು ಯಾರಾದರೂ ಹಿಂದೆ ನೇರ ಕೂಡಿಸಿಟ್ಟಿದ್ದರೆ ಬಿಡಿಸಿ ಮೊದಲಿನಂತೆ ಮಾಡಿ.

ತಿಲಕವಾಡಿ ನಿವಾಸಿ, ಬೆಳಗಾವಿ

ತಂತಿಯನ್ನು ಒಂದು ತೂತು ಮುಂದೆ ಹಾಕಿದೆ. ಡ್ರಮ್ ಸರಾಗವಾಗಿದೆ, ವಾಸನೆ ಹೋಯಿತು, ಮುಚ್ಚಳ ಎತ್ತಿದರೆ ಕೂಡಲೇ ನಿಲ್ಲುತ್ತದೆ. ಸ್ವಿಚ್ ಮೂಲದಂತೆಯೇ ಇದೆ. ಚಾದರಗಳನ್ನು ಹಾಕಿ ಒಗೆದು ಹಿಂಡಿ ನೋಡಿದ್ದಾಯಿತು, ಆರ್‌ಸಿಸಿಬಿ ಒಮ್ಮೆಯೂ ಬೀಳಲಿಲ್ಲ.

ವೈಂಡಿಂಗ್ ಕೆಲಸಗಾರ, ಜಮಖಂಡಿ

ಸಂತೋಷ ಸರ್. ಹೊಸ ಬೆಲ್ಟ್ ಮೊದಲ ಕೆಲವು ಒಗೆತಗಳಲ್ಲಿ ಹಿಗ್ಗುತ್ತದೆ. ತಿಂಗಳ ಮೇಲೆ ಒಮ್ಮೆ ಹಿಂದಿನ ತಗಡು ಬಿಚ್ಚಿ ಬೆಲ್ಟಿನ ನಡುವೆ ಬೆರಳಿನಿಂದ ಒತ್ತಿ ನೋಡಿರಿ, ಸುಮಾರು 10 ಮಿಲಿಮೀಟರ್ ಒಳಗೆ ಹೋಗಬೇಕು. ಹೆಚ್ಚು ಹೋದರೆ ಮೋಟರ್‌ನ ಬೋಲ್ಟ್ ಸಡಿಲಿಸಿ ಉದ್ದ ತೂತಿನಲ್ಲಿ ಹಿಂದಕ್ಕೆ ಸರಿಸಿ ಬಿಗಿ ಮಾಡಿರಿ. ಅದೇ ಹೊತ್ತಿಗೆ ಟಾರ್ಚ್ ಹಾಕಿ ಹಿಂಡುವ ಮೋಟರ್‌ನ ತಲೆಯ ಮೇಲೆ ಹೊಸ ಬಿಳಿ ಗೆರೆ ಬಿದ್ದಿದೆಯೇ ಎಂದೂ ನೋಡಿಬಿಡಿ.